‘ನನ್ನ ಸೈಟು, ನನ್ನ ಮನೆ, ನಿಮಗೇನು?’

ಹಿಂದಿನ ಸಂಚಿಕೆಯಲ್ಲಿ ಸ್ವಾಧೀನಾನುಭವ ಪತ್ರ, ಅಂದರೆ ಮನೆ ಮಂಜೂರಾದ ನಕ್ಷೆಯಂತೆಯೇ ಇದೆ, ವಾಸಕ್ಕೆ ತಕ್ಕದ್ದು ಎಂದು ಸ್ಥಳೀಯ ಸಂಸ್ಥೆ ಕೊಡುವ, ಎಲ್ಲರೂ ಒ.ಸಿ. ಎನ್ನುವ ಕಾಗದದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರಗಳು ಬರುತ್ತವೆಂದು ನಾನಾಗಲಿ ಸಂಪಾದಕರಾಗಲಿ ಎಣಿಸಿರಲಿಲ್ಲ. ಹೆಚ್ಚಿನವರು ಪತ್ರದ ಜೊತೆಗೆ ಫೇಸ್‌ಬುಕ್‌ನಲ್ಲಿ ಕಂಡ ಬರಹವನ್ನೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊವನ್ನೋ ಕಳಿಸಿ, ‘ಇದಕ್ಕೇನು ಹೇಳುತ್ತೀರಿ?’ ಎಂದು ಕೇಳಿದ್ದಾರೆ. ಮೂರು ರಾತ್ರಿ ಕೂತು ಎಲ್ಲವನ್ನೂ ನೋಡಿದೆ, ಕೆಳಗಿನ ಪ್ರತಿಕ್ರಿಯೆಗಳನ್ನೂ ಓದಿದೆ. ಮೂವತ್ತನಾಲ್ಕು ವರ್ಷ ಕಂಬಿ, ಕಾಂಕ್ರೀಟಿನ ಲೆಕ್ಕ ಹಾಕಿದವಳು ನಾನು. ಕಟ್ಟಡದ ನಿಯಮ ಎಂದರೆ ಜನ ಇಷ್ಟು ರೋಸಿಹೋಗಿದ್ದಾರೆ ಎಂಬುದು ಮನಸ್ಸಿಗೆ ನಾಟಿತು. ಆ ರೋಷದಲ್ಲಿ ಅರ್ಧದಷ್ಟು ನ್ಯಾಯವಾದದ್ದೇ ಎಂಬುದು ಇನ್ನೂ ಆಳಕ್ಕೆ ನಾಟಿತು.

ಪ್ರಶ್ನೆ: ಮೇಡಂ, ಮೂವತ್ತು–ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿದೆ. ಗೃಹಪ್ರವೇಶಕ್ಕೆ ದಿನ ಇಟ್ಟ ಮೇಲೆ, ಒ.ಸಿ. ಇಲ್ಲದೆ ಕರೆಂಟ್ ಸಂಪರ್ಕ ಇಲ್ಲ ಎಂದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಕೊಟ್ಟರೆ ಕೆಲಸ ಆಗುತ್ತದೆ ಎಂದು ಬಾಯಿಬಿಟ್ಟೇ ಹೇಳಿದರು. ‘ನಿಯಮ ಇರುವುದೇ ಲಂಚಕ್ಕೆ’ ಎಂದು ಫೇಸ್‌ಬುಕ್‌ನಲ್ಲಿ ಬರೆದಾಗ ನೂರಾರು ಜನ ಹೌದೆಂದರು. ಆಮೇಲೆ ಸರ್ಕಾರವೇ ವಿನಾಯಿತಿ ಕೊಟ್ಟಿತು. ಅಲ್ಲಿಗೆ ಆ ನಿಯಮ ಬೇಕೇ ಇರಲಿಲ್ಲ ಎಂದಾಯಿತಲ್ಲವೇ? ನನ್ನ ಸೈಟು, ನನ್ನ ಮನೆ, ಬೇರೆಯವರಿಗೇನು?
— ಗಾರ್ಮೆಂಟ್ಸ್ ಕಾರ್ಖಾನೆಯ ಮೇಲ್ವಿಚಾರಕರು, ಬೆಂಗಳೂರು

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಸ ಮನೆಯೊಳಗೆ ಮೇಣದಬತ್ತಿ ಹಚ್ಚಿಕೊಂಡು ಕೂತವರಿಗೆ ನಿಯಮದ ಮಹತ್ವವನ್ನು ಬೋಧಿಸುವಷ್ಟು ಕಲ್ಲು ಮನಸ್ಸು ನನ್ನದಲ್ಲ.

ಮೊದಲು ನಡೆದದ್ದೇನು ಎಂಬುದನ್ನು ನೋಡೋಣ. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸಕ್ಕೆಂದು ಕೊಟ್ಟ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಿದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದರ ತೀರ್ಪು 2024ರ ಡಿಸೆಂಬರ್ 17ರಂದು ಬಂತು. ಸ್ವಾಧೀನಾನುಭವ ಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಅದು ದೇಶಕ್ಕೆಲ್ಲ ಅನ್ವಯವಾಗುವಂತೆ ಹೇಳಿತು. ನಮ್ಮಲ್ಲಿ ಒ.ಸಿ. ಪಡೆಯದೆ ಗೃಹಪ್ರವೇಶ ಮಾಡುವುದು ಎಷ್ಟು ವರ್ಷಗಳಿಂದ ವಾಡಿಕೆಯಾಗಿತ್ತೆಂದರೆ, ಆ ತೀರ್ಪು ಜಾರಿಗೆ ಬಂದ ಮೇಲೆ ಸಾವಿರಾರು ಹೊಸ ಮನೆಗಳು ಕತ್ತಲಲ್ಲಿ ನಿಂತವು. 2025ರಲ್ಲಿ ಕರ್ನಾಟಕ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳಲ್ಲಿ ಕಟ್ಟಿದ ಸಣ್ಣ ವಾಸದ ಮನೆಗಳಿಗೆ ಒ.ಸಿ.ಯಿಂದ ವಿನಾಯಿತಿ ಕೊಟ್ಟಿತು. ನೆಲಮಹಡಿಯ ಮೇಲೆ ಎರಡು ಮಹಡಿ, ಇಲ್ಲವೇ ಕೆಳಗೆ ವಾಹನ ನಿಲ್ಲಿಸುವ ಸ್ಟಿಲ್ಟ್ ಇದ್ದರೆ ಅದರ ಮೇಲೆ ಮೂರು ಮಹಡಿ, ಅಲ್ಲಿಯವರೆಗೆ ಮಾತ್ರ.

ನೀವು ಕಳಿಸಿದ ಆ ಫೇಸ್‌ಬುಕ್ ಬರಹದ ಕೆಳಗೆ, ವಿನಾಯಿತಿ ಬಂದ ದಿನ, ಒಬ್ಬರು ‘ಇನ್ನು ಯಾರ ಹಂಗೂ ಇಲ್ಲ, ನಾಲ್ಕನೆಯದನ್ನೂ ಏರಿಸೋಣ’ ಎಂದು ಬರೆದಿದ್ದಾರೆ. ಅದಕ್ಕೆ ಅರವತ್ತೆರಡು ಮಂದಿ ಮೆಚ್ಚುಗೆ ಒತ್ತಿದ್ದಾರೆ. ಅಲ್ಲಿಯೇ ನನಗೆ ಭಯವಾದದ್ದು. ಸರ್ಕಾರ ವಿನಾಯಿತಿ ಕೊಟ್ಟದ್ದು ಒಂದು ಕಾಗದಕ್ಕೆ. ನಿಮ್ಮ ಪಿಲ್ಲರ್ ಹೊರಬೇಕಾದ ಭಾರದಲ್ಲಿ ಒಂದು ಕಿಲೊ ಸಹ ಕಡಿಮೆಯಾಗಿಲ್ಲ. ತಾರಸಿಯ ಮೇಲೆ ಎರಡು ಸಾವಿರ ಲೀಟರ್ ನೀರಿನ ಟ್ಯಾಂಕ್ ಇಟ್ಟರೆ ಎರಡು ಟನ್ ತೂಕ, ಒ.ಸಿ. ಇದ್ದರೂ ಎರಡು ಟನ್, ಇಲ್ಲದಿದ್ದರೂ ಎರಡು ಟನ್.

ನೀವು ಎರಡು ಬೇರೆ ಬೇರೆ ಸಿಟ್ಟುಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿದ್ದೀರಿ. ಲಂಚ ಕೇಳಿದವನ ಮೇಲಿನ ಸಿಟ್ಟು ಒಂದು, ನಿಯಮದ ಮೇಲಿನ ಸಿಟ್ಟು ಇನ್ನೊಂದು. ಮೊದಲನೆಯದನ್ನು ಬಿಡಬೇಡಿ, ಲೋಕಾಯುಕ್ತಕ್ಕೆ ದೂರು ಕೊಡಿ. ಎರಡನೆಯದರ ಬಗ್ಗೆ ಮಾತ್ರ ಒಂದು ಗಳಿಗೆ ಯೋಚಿಸಿ. ಆ ಕಚೇರಿಯ ಮನುಷ್ಯ ನಿಮ್ಮಿಂದ ಹಣ ಪಡೆದು ನೋಡದೆ ಸಹಿ ಹಾಕಿದ್ದರೆ ಅವನು ನಿಯಮವನ್ನು ಮಾರಿದಂತಾಗುತ್ತಿತ್ತು. ‘ನಿಯಮವೇ ಬೇಡ’ ಎಂದು ನಾವು ಬರೆದರೆ ಅದನ್ನು ಬಿಟ್ಟಿಯಾಗಿಯೇ ಬಿಟ್ಟುಕೊಟ್ಟಂತಾಗುತ್ತದೆ. ಎರಡರಲ್ಲಿಯೂ ಪಿಲ್ಲರಿನೊಳಗೆ ಎಷ್ಟು ಕಂಬಿ ಇದೆ ಎಂದು ನೋಡುವವರು ಯಾರೂ ಇರುವುದಿಲ್ಲ.

‘ಬೇರೆಯವರಿಗೇನು’ ಎಂದು ಕೇಳಿದ್ದೀರಿ. ನನ್ನ ಸ್ವಂತ ತಮ್ಮನೂ ದಾವಣಗೆರೆಯಲ್ಲಿ ಇದೇ ಮಾತು ಕೇಳಿದ್ದ. ಎರಡು ಮಹಡಿಗೆಂದು ನಾನೇ ಲೆಕ್ಕ ಹಾಕಿಕೊಟ್ಟ ಪಾಯದ ಮೇಲೆ ಬಾಡಿಗೆಗೆ ಮೂರನೆಯದನ್ನು ಏರಿಸಲು ಹೊರಟ. ಆಗದು ಎಂದೆ. ‘ಎಲ್ಲರೂ ಏರಿಸಿಲ್ಲವೇನಕ್ಕಾ?’ ಎಂದ. ಆ ಮಹಡಿಯಲ್ಲಿ ಇರಲು ಬರುವವರು ಬಾಡಿಗೆಯವರು, ಅವರಿಗೆ ನಿನ್ನ ಪಾಯದ ಕಥೆ ಗೊತ್ತಿರುವುದಿಲ್ಲ ಎಂದೆ. ಮೂರು ಅಡಿ ಆಚೆಗೆ ಪಕ್ಕದ ಮನೆಯ ಅಜ್ಜಿ ಮಲಗುವ ಕೋಣೆ ಇತ್ತು, ಅದನ್ನೂ ತೋರಿಸಿದೆ. ಅವನು ನಾಲ್ಕು ವರ್ಷ ನನ್ನೊಡನೆ ಮಾತು ಬಿಟ್ಟ. ಯುಗಾದಿಗೂ ತವರಿನಿಂದ ಕರೆ ಬರಲಿಲ್ಲ. ಆದರೆ ಏರಿಸಲಿಲ್ಲ. ಆ ನಾಲ್ಕು ವರ್ಷದ ಸಂಕಟವನ್ನು ಇವತ್ತಿಗೂ ಮರೆತಿಲ್ಲ, ಹೇಳಿದ ಮಾತಿಗೆ ಪಶ್ಚಾತ್ತಾಪವೂ ಇಲ್ಲ.

ನಿಮ್ಮ ಮನೆಗೆ ಒ.ಸಿ. ಬೇಕಿಲ್ಲದಿದ್ದರೂ, ಪಿಲ್ಲರ್, ಬೀಮಿಗೆ ಎಷ್ಟು ಕಂಬಿ ಎಂದು ತೋರಿಸುವ ಸ್ಟ್ರಕ್ಚರಲ್ ಡ್ರಾಯಿಂಗ್ ಇದೆಯೇ, ಅದಕ್ಕೆ ಸಹಿ ಹಾಕಿದ ಇಂಜಿನಿಯರ್ ಕಂಬಿ ಕಟ್ಟಿದ ದಿನ ಬಂದು ನೋಡಿದ್ದರೇ ಎಂದು ಗುತ್ತಿಗೆದಾರರನ್ನು ಕೇಳಿ. ಡ್ರಾಯಿಂಗಿನ ಪ್ರತಿಯನ್ನು ಮನೆ ಪತ್ರದ ಜೊತೆಯಲ್ಲೇ ಇಡಿ. ನಾಳೆ ನಿಮ್ಮ ಮಕ್ಕಳು ಒಂದು ಗೋಡೆ ಒಡೆಯಲು ಹೊರಟಾಗ ಬೇಕಾಗುವುದು ಅದೇ.

ಪ್ರಶ್ನೆ: ‘ನಮ್ಮ ತಾತ ಕಟ್ಟಿದ ಮನೆಗೆ ಯಾವ ಇಂಜಿನಿಯರ್ ಇದ್ದ? ನೂರು ವರ್ಷ ನಿಂತಿಲ್ಲವೇ?’ ಎನ್ನುವ ವಿಡಿಯೊವನ್ನು ನಮ್ಮ ಬಂಧುಗಳೆಲ್ಲ ಹಂಚುತ್ತಿದ್ದಾರೆ. ನನಗೆ ಉತ್ತರ ಹೊಳೆಯಲಿಲ್ಲ.
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮಗೂ, ತಾತನ ಮನೆಯನ್ನು ನಾನೂ ಗೌರವಿಸುತ್ತೇನೆ. ಆದರೆ ಆ ಮನೆ ಹೇಗಿತ್ತು ಎಂದು ನೆನಪಿಸಿಕೊ. ಒಂದು ಅಂತಸ್ತು, ಹೆಚ್ಚೆಂದರೆ ಮೇಲೊಂದು ಅಟ್ಟ. ಎರಡು ಅಡಿ ದಪ್ಪದ ಗೋಡೆ, ಸಣ್ಣ ಕಿಟಕಿ, ಕೈಗೆಟಕುವಷ್ಟು ಹತ್ತಿರ ಹತ್ತಿರ ತೊಲೆ. ಭಾರವೆಲ್ಲ ಗೋಡೆಯ ಮೂಲಕ ನೇರವಾಗಿ ನೆಲಕ್ಕೆ ಇಳಿಯುತ್ತಿತ್ತು. ಆ ಕಾಲದಲ್ಲಿ ನಿಯಮ ಇರಲಿಲ್ಲ ಎನ್ನುವುದೂ ತಪ್ಪು. ಗೋಡೆ ಎಷ್ಟು ದಪ್ಪ, ತೊಲೆ ಎಷ್ಟು ಉದ್ದ, ಯಾವ ಮರ, ಯಾವ ತಿಂಗಳಲ್ಲಿ ಕಡಿದದ್ದು ಎಂಬುದೆಲ್ಲ ಬಡಗಿ, ಗಾರೆಯವರ ಬಾಯಲ್ಲಿತ್ತು, ತಾತ ಅದನ್ನು ಮೀರುತ್ತಿರಲಿಲ್ಲ. ಇವತ್ತು ನಾವು ಕಟ್ಟುವುದು ಒಂಬತ್ತು ಇಂಚಿನ ಪಿಲ್ಲರಿನ ಮೇಲೆ ನಾಲ್ಕು ಅಂತಸ್ತು. ತಾತನ ಅನುಭವ ಅದಕ್ಕೆ ಸಾಲದು.

ಇನ್ನೊಂದು ಮಾತಿದೆ. ನಿಂತ ಮನೆಯ ಮುಂದೆ ನಿಂತು ವಿಡಿಯೊ ಮಾಡಬಹುದು, ಬಿದ್ದ ಮನೆ ಅಲ್ಲಿರುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಬಿಟ್ಟು ಬಂದು ಜನ ಮಲಗಿದ್ದಾಗ, ನಮ್ಮ ಗಡಿಗೆ ಹತ್ತಿರದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಅಲ್ಲಿ ಸಾವಿರಾರು ಜನ ಸತ್ತದ್ದು ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮೇಲೆ ಬಿದ್ದು. ಅವೆಲ್ಲ ತಾತಂದಿರು ಪ್ರೀತಿಯಿಂದ ಕಟ್ಟಿದ ಮನೆಗಳೇ. ಕಲ್ಲುಗಳನ್ನು ಅಡ್ಡಲಾಗಿ ಹಿಡಿದಿಡುವ ಪಟ್ಟಿ ಅವುಗಳಲ್ಲಿ ಇರಲಿಲ್ಲ.

ನೀನು ಧಾರವಾಡದವಳು. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದು ನಿಮ್ಮ ಮನೆಯವರಿಗೆಲ್ಲ ನೆನಪಿರುತ್ತದೆ. ವಿಡಿಯೊ ಹಂಚಿದ ದೊಡ್ಡಪ್ಪನಿಗೋ ಮಾವನಿಗೋ ವಾದ ಮಾಡಬೇಡ, ಆ ದಿನ ನೀವೆಲ್ಲಿದ್ದಿರಿ ಎಂದು ಕೇಳು. ಅವರೇ ಹೇಳುತ್ತಾರೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ದಾರಿಯಲ್ಲಿ ಚಪ್ಪಲಿ ಗೂಡು, ಸೈಕಲ್, ಹಳೆಯ ಹಾಸಿಗೆ ಎಲ್ಲ ಇವೆ. ಕೆಳಗಿನ ತುರ್ತು ಬಾಗಿಲಿಗೆ ಕಳ್ಳರ ಭಯದಿಂದ ಬೀಗ. ತೆಗೆಯಿರಿ ಎಂದು ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರೆ ಎಲ್ಲರೂ ನಗುವ ಚಿತ್ರ ಹಾಕಿದರು. ಬಿಟ್ಟುಬಿಡಲೇ?
— ಹತ್ತು ಅಂತಸ್ತಿನ ಕಟ್ಟಡದ ಏಳನೇ ಮಹಡಿಯ ನಿವಾಸಿ, ವೈಟ್‌ಫೀಲ್ಡ್

ಉತ್ತರ: ಬಿಡಬೇಡಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ವಿದ್ಯುತ್ ತಂತಿಗಳು ಹಾಯುವ ಕೊಳವೆಯಂಥ ಜಾಗದಿಂದ ಹೊಗೆ ಮೇಲಕ್ಕೇರಿತು. ಹೊರಹೋಗುವ ದಾರಿಗಳು ಮುಚ್ಚಿದ್ದವು. ಉಸಿರುಗಟ್ಟಿದವರು ಕಿಟಕಿ ಒಡೆದು ಕೆಳಕ್ಕೆ ಹಾರಿದರು. ಒಂಬತ್ತು ಜನ ಹೋದರು. ಅಲ್ಲಿ ತಮ್ಮವರನ್ನು ಕಳೆದುಕೊಂಡವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಇವತ್ತಿಗೂ ಬೆಂಕಿ ಸುರಕ್ಷತೆಗಾಗಿ ದುಡಿಯುತ್ತಿದ್ದಾರೆ.

ಜನ ಜ್ವಾಲೆಗೆ ಹೆದರುತ್ತಾರೆ, ಆದರೆ ಬಹುಮಟ್ಟಿಗೆ ಕೊಲ್ಲುವುದು ಹೊಗೆ. ಹೊಗೆ ತುಂಬಿದ ಮೆಟ್ಟಿಲಿನಲ್ಲಿ ಕೈಯಿಂದ ತಡಕಾಡುತ್ತ ಇಳಿಯುವಾಗ ಕಾಲಿಗೆ ಸೈಕಲ್ ಸಿಕ್ಕಿದರೆ ಏನಾಗುತ್ತದೆ ಎಂದು ಯೋಚಿಸಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹೊರಹೋಗುವ ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಬೇಕು. ಕಳ್ಳರ ಭಯಕ್ಕೂ ಪರಿಹಾರವಿದೆ: ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಬಾಗಿಲು ಅಂಗಡಿಯಲ್ಲಿ ಸಿಗುತ್ತದೆ. ಗುಂಪಿನಲ್ಲಿ ಬರೆಯುವುದನ್ನು ನಿಲ್ಲಿಸಿ, ಮಕ್ಕಳಿರುವ ನಾಲ್ಕು ಮನೆಗಳ ಬಾಗಿಲು ತಟ್ಟಿ. ಒಂದು ಸಂಜೆ ಲಿಫ್ಟ್ ಬಿಟ್ಟು, ದೀಪ ಆರಿಸಿ, ಎಲ್ಲರೂ ಮೆಟ್ಟಿಲಿನಲ್ಲಿ ಇಳಿದು ನೋಡಿ. ನಗುವ ಚಿತ್ರ ಹಾಕಿದವರನ್ನೂ ಕರೆಯಿರಿ.

ಪ್ರಶ್ನೆ: ಅಮ್ಮಾ, ನಾನು ಸೆಂಟ್ರಿಂಗ್ ಮೇಸ್ತ್ರಿ. ಊರು ರಾಯಚೂರು ಕಡೆ, ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಬಾಬುಸಾಪಾಳ್ಯದ ಕಟ್ಟಡ ಬಿದ್ದಾಗ ಮೊಬೈಲಿನಲ್ಲಿ ಎಲ್ಲರೂ ಮಾಲೀಕನಿಗೆ ಬೈದರು, ಅಧಿಕಾರಿಗಳಿಗೆ ಬೈದರು, ‘ಅಕ್ರಮ ಕಟ್ಟಡ, ಬಿದ್ದದ್ದು ಒಳ್ಳೆಯದಾಯಿತು’ ಎಂದೂ ಬರೆದರು. ಸತ್ತವರು ನಮ್ಮಂಥವರು. ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕಿ ಐದು ದಿನಕ್ಕೆ, ಕೆಳಗೆ ಆಧಾರಕ್ಕೆ ನಿಲ್ಲಿಸಿದ ಜಾಕಿ ಬಿಚ್ಚು, ಮುಂದಿನ ಮಹಡಿಗೆ ಬೇಕು ಎಂದು ನನಗೂ ಒತ್ತಾಯ ಮಾಡುತ್ತಾರೆ. ಆಗದು ಎಂದರೆ ಬೇರೆ ಮೇಸ್ತ್ರಿ ಬರುತ್ತಾನೆ. ಏನು ಮಾಡಲಿ?
— (ಮಗಳ ಕೈಯಲ್ಲಿ ಬರೆಸಿದ ಪತ್ರ)

ಉತ್ತರ: ಮೇಸ್ತ್ರಿಗಳೇ, ಈ ತಿಂಗಳು ಬಂದ ಪತ್ರಗಳಲ್ಲಿ ನಾನು ಎರಡು ಬಾರಿ ಓದಿದ್ದು ನಿಮ್ಮದೊಂದನ್ನೇ. ಬರೆದುಕೊಟ್ಟ ಮಗಳಿಗೆ ನನ್ನ ಆಶೀರ್ವಾದ ತಿಳಿಸಿ.

2024ರ ಅಕ್ಟೋಬರ್ 22ರ ಮಳೆಯ ಮಧ್ಯಾಹ್ನ ಬಾಬುಸಾಪಾಳ್ಯದಲ್ಲಿ ಸತ್ತ ಒಂಬತ್ತು ಮಂದಿ ಆ ಕಟ್ಟಡದಲ್ಲಿ ದುಡಿಯುತ್ತಿದ್ದ ಕಾರ್ಮಿಕರು. ಮಂಜೂರಾದದ್ದಕ್ಕಿಂತ ಹೆಚ್ಚು ಅಂತಸ್ತು ಏರಿಸಬೇಕೆಂದು ತೀರ್ಮಾನಿಸಿದವರು ಅವರಲ್ಲ. ‘ಬಿದ್ದದ್ದು ಒಳ್ಳೆಯದಾಯಿತು’ ಎಂದು ಬರೆದ ಕೈ ಅವರ ಗುಡಿಸಲಿನ ಮುಂದೆ ನಿಂತು ಆ ಮಾತನ್ನು ಆಡಲಾರದು. ನಿಯಮದ ಪರವಾಗಿ ಮಾತನಾಡುತ್ತೇವೆ ಎಂದುಕೊಂಡವರೂ ಹೀಗೆ ಬರೆಯುತ್ತಾರಲ್ಲ, ಅದು ನನಗೆ ನಿಯಮ ಬೇಡ ಎನ್ನುವವರ ಮಾತಿಗಿಂತ ಹೆಚ್ಚು ಕಷ್ಟವಾಯಿತು. ಕಟ್ಟಡ ಸುರಕ್ಷತೆಯ ನಿಯಮ ಎಲ್ಲರಿಗಿಂತ ಮೊದಲು ಕಾಯಬೇಕಾದದ್ದು ಅದನ್ನು ಕಟ್ಟುವವರನ್ನು.

1983ರಲ್ಲಿ ನಾನು ಬೆಂಗಳೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೆ. ಆ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಮೂರನೆಯ ದಿನ ನಾವು ಕೆಲವರು ಹೋಗಿ ಹಗ್ಗದ ಈಚೆ ನಿಂತು ನೋಡಿದೆವು. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಸಿಮೆಂಟ್ ಅಂಟಿದ ಸೀರೆಯಲ್ಲಿಯೇ ನಿಂತಿದ್ದಳು, ಕೈಯಲ್ಲಿ ಗಂಡನ ಊಟದ ಡಬ್ಬಿ. ಬೆಳಿಗ್ಗೆಯಿಂದ ನಿಂತಿದ್ದಾಳೆ ಎಂದು ಪೊಲೀಸರೊಬ್ಬರು ಹೇಳಿದರು. ಆಮೇಲೆ ಮೂವತ್ತನಾಲ್ಕು ವರ್ಷ ಯಾವ ಡ್ರಾಯಿಂಗಿಗೆ ಸಹಿ ಹಾಕುವಾಗಲೂ ಆ ಡಬ್ಬಿ ನನ್ನ ಕಣ್ಣ ಮುಂದೆ ಬಂದಿದೆ.

ಈಗ ನಿಮ್ಮ ಪ್ರಶ್ನೆ. ಲೆಕ್ಕ ಸಹಿತ ಹೇಳುತ್ತೇನೆ, ಈ ಪುಟವನ್ನು ಹರಿದು ಜೇಬಿನಲ್ಲಿಟ್ಟುಕೊಳ್ಳಿ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ 456ರ ಪ್ರಕಾರ, ಪಿಲ್ಲರ್ ಮತ್ತು ಬೀಮಿನ ಪಕ್ಕದ ಹಲಗೆಗಳನ್ನು 16ರಿಂದ 24 ಗಂಟೆಗಳ ನಂತರ ತೆಗೆಯಬಹುದು. ತಾರಸಿಯ ಕೆಳಗಿನ ಜಾಕಿಗಳನ್ನು, ತಾರಸಿ ಹೊರುವ ಗೋಡೆ ಅಥವಾ ಬೀಮುಗಳ ನಡುವಿನ ಅಂತರ ನಾಲ್ಕೂವರೆ ಮೀಟರ್ ಒಳಗಿದ್ದರೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಮುಟ್ಟುವಂತಿಲ್ಲ. ಬೀಮಿನ ಕೆಳಗಿನವನ್ನು ಆರು ಮೀಟರ್‌ವರೆಗೆ 14 ದಿನ, ಮೇಲ್ಪಟ್ಟರೆ 21 ದಿನ. ಈ ದಿನಗಳು ಸಾದಾ ಸಿಮೆಂಟಿಗೆ ಹೇಳಿದವು. ಈಗ ಬರುವ ಚೀಲಗಳಲ್ಲಿ ಬಹಳಷ್ಟು ಹಾರುಬೂದಿ ಬೆರೆತ ಪಿ.ಪಿ.ಸಿ., ಅದು ಬಲಿಯಲು ಇನ್ನೂ ನಿಧಾನ. ಚೀಲದ ಮೇಲೆ ಏನು ಬರೆದಿದೆ ಎಂದು ಮಗಳಿಂದ ಓದಿಸಿ. ಪಿ.ಪಿ.ಸಿ. ಎಂದಿದ್ದರೆ ಇನ್ನಷ್ಟು ದಿನ ಕಾಯಬೇಕು, ಎಷ್ಟೆಂದು ಇಂಜಿನಿಯರ್ ಹೇಳಲಿ. ಮೇಲೆ ಹೊಸ ಮೋಲ್ಡ್ ಹಾಕುವಾಗ ಕೆಳಗಿನ ಮಹಡಿಯ ಜಾಕಿಗಳೂ ನಿಂತಿರಬೇಕು, ಏಕೆಂದರೆ ಹಸಿ ಕಾಂಕ್ರೀಟಿನ ಭಾರವನ್ನೆಲ್ಲ ಕೆಳಗಿನ ಎಳೆಯ ತಾರಸಿಯೇ ಹೊರಬೇಕಾಗುತ್ತದೆ. ನಾನು ನೋಡಿದ ಕೆಲಸಗಳಲ್ಲಿ ಎಡವಟ್ಟು ಹೆಚ್ಚಾಗಿ ಆದದ್ದು ಇಲ್ಲಿಯೇ.

ಇಷ್ಟೆಲ್ಲ ನಿಮಗೆ ಗೊತ್ತಿರುವುದೇ. ‘ಆಗದು ಎಂದರೆ ಬೇರೆ ಮೇಸ್ತ್ರಿ ಬರುತ್ತಾನೆ’ ಎಂಬ ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಒಂದು ದಾರಿ ಹೇಳಬಲ್ಲೆ. ಒಬ್ಬರೇ ನಿಂತು ಆಗದು ಎನ್ನಬೇಡಿ. ಮೋಲ್ಡ್ ಹಾಕಿದ ದಿನವನ್ನೂ ಜಾಕಿ ಬಿಚ್ಚಬಹುದಾದ ದಿನವನ್ನೂ ಆ ಕಟ್ಟಡದ ಗೋಡೆಯ ಮೇಲೆಯೇ ಇದ್ದಿಲಿನಿಂದ ದೊಡ್ಡದಾಗಿ ಬರೆಯಿರಿ. ಕಂಬಿಯವರು, ಗಾರೆಯವರು, ಮಾಲೀಕರ ಮನೆಯವರು ಎಲ್ಲರ ಕಣ್ಣಿಗೂ ಬೀಳಲಿ. ಅವಸರ ಮಾಡುವವರನ್ನು ‘ಇಂಜಿನಿಯರ್ ಬಂದು ಬಿಚ್ಚು ಎಂದು ಬರೆದುಕೊಡಲಿ’ ಎಂದು ಕೇಳಿ. ಬಾಯಲ್ಲಿ ಅವಸರ ಮಾಡುವವರು ಬರವಣಿಗೆಯಲ್ಲಿ ಮಾಡಲು ಹಿಂಜರಿಯುತ್ತಾರೆ. ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ, ನಿಮ್ಮ ಕೈಕೆಳಗಿನ ಹುಡುಗರದ್ದೂ.

ಮನೆ ಕಟ್ಟಿಸುತ್ತಿರುವ ಓದುಗರಲ್ಲಿ ನನ್ನ ಕೋರಿಕೆ: ಜಾಕಿಯ ಬಾಡಿಗೆ ಇನ್ನೊಂದು ವಾರದ್ದು ಎಷ್ಟಾಗುತ್ತದೆ ಎಂದು ಕೇಳಿ ನೋಡಿ. ನಿಮ್ಮ ಗೃಹಪ್ರವೇಶದ ಊಟದ ಖರ್ಚಿನ ಮುಂದೆ ಅದು ಏನೂ ಅಲ್ಲ.

ಪ್ರಶ್ನೆ: ಅಕ್ರಮ–ಸಕ್ರಮ ಮತ್ತೆ ಬರುತ್ತದೆಯೇ? ನಮ್ಮ ಬಡಾವಣೆಯ ಗುಂಪಿನಲ್ಲಿ ದಿನವೂ ಅದೇ ಚರ್ಚೆ.
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ವಾಸದ ಕಟ್ಟಡಗಳಲ್ಲಿ 50 ಪ್ರತಿಶತ, ವಾಣಿಜ್ಯ ಕಟ್ಟಡಗಳಲ್ಲಿ 25 ಪ್ರತಿಶತದವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನೀವು ಮೇಷ್ಟ್ರು, ತುರ್ಕಿಯ ಉದಾಹರಣೆ ನಿಮಗೆ ಹೇಳುತ್ತೇನೆ. ಅಲ್ಲಿ 2018ರಲ್ಲಿ, ಚುನಾವಣೆಯ ಹೊತ್ತಿನಲ್ಲಿ, ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡಿದರು. ಜನ ಸಂಭ್ರಮಿಸಿದರು. 2023ರ ಫೆಬ್ರುವರಿ 6ರ ಭೂಕಂಪದಲ್ಲಿ ಆ ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಾಗೆ ಸಕ್ರಮ ಮಾಡಿಕೊಟ್ಟದ್ದರ ಮೇಲೆ ಆಗ ದೇಶವೆಲ್ಲ ಸಿಟ್ಟಾಯಿತು. ಬೆಂಗಳೂರು, ತುಮಕೂರುಗಳು ಕಡಿಮೆ ಭೂಕಂಪ ವಲಯದಲ್ಲಿವೆ, ಹೆದರಿಸುವ ಉದ್ದೇಶ ನನ್ನದಲ್ಲ. ಮನೆಯ ಸುತ್ತ ಬಿಡಬೇಕಾದ ಜಾಗ ಅರ್ಧ ಅಡಿ ಕಡಿಮೆಯಾದವರಿಗೂ ಲೆಕ್ಕಕ್ಕೆ ಮೀರಿ ಎರಡು ಮಹಡಿ ಏರಿಸಿದವರಿಗೂ ಒಂದೇ ತಕ್ಕಡಿ ಹಿಡಿಯುವ ಯೋಜನೆಯನ್ನು ನಾನು ಒಪ್ಪಲಾರೆ, ಅಷ್ಟೆ. ಮೊದಲನೆಯವರಿಗೆ ದಂಡ ಹಾಕಿ ಬಿಡಲಿ. ಎರಡನೆಯವರ ಕಟ್ಟಡವನ್ನು ಇಂಜಿನಿಯರ್ ಪರೀಕ್ಷಿಸದೆ ಯಾವ ದಂಡವನ್ನೂ ಪಡೆಯಬಾರದು.

ಪ್ರಶ್ನೆ: ನಾವು ಬಾಡಿಗೆ ಮನೆಯಲ್ಲಿದ್ದೇವೆ. ಮಾಲೀಕರು ಮೇಲೆ ಇನ್ನೊಂದು ಮಹಡಿ ಕಟ್ಟಿದ ಮೇಲೆ ನಮ್ಮ ಮಲಗುವ ಕೋಣೆಯ ಬೀಮಿನಲ್ಲಿ ಬಿರುಕು ಬಿಟ್ಟಿದೆ. ಚಿತ್ರವನ್ನು ಫೇಸ್‌ಬುಕ್ ಗುಂಪೊಂದರಲ್ಲಿ ಹಾಕಿದೆ. ‘ಪ್ಲಾಸ್ಟರ್ ಬಿರುಕು, ಪುಟ್ಟಿ ಹಚ್ಚಿ’, ‘ವಾಸ್ತು ನೋಡಿಸಿ’, ‘ಏನೂ ಆಗುವುದಿಲ್ಲ’ ಎಂದರು. ನಿಮಗೂ ಚಿತ್ರ ಕಳಿಸಿದ್ದೇನೆ.
— ಗೃಹಿಣಿ, ಕೋಲಾರ

ಉತ್ತರ: ಅಮ್ಮಾ, ಬಿರುಕು ಬೀಮಿನ ನಡುವಿನಲ್ಲಿಲ್ಲ, ಪಿಲ್ಲರಿನ ಹತ್ತಿರ ಶುರುವಾಗಿ ಓರೆಯಾಗಿ ಮೇಲಕ್ಕೇರಿದೆ. ಚಿತ್ರದಲ್ಲಿ ನೀವು ಅಳತೆಗೆಂದು ಇಟ್ಟ ನಾಣ್ಯದ ಅಂಚು ಅದರೊಳಗೆ ಹೋಗುವಂತೆ ಕಾಣುತ್ತದೆ. ಇಂಥ ಓರೆ ಬಿರುಕು ಪುಟ್ಟಿಯಿಂದ ಮುಚ್ಚುವಂಥದ್ದಲ್ಲ. ಬೀಮ್ ಹೊರಲಾರದ ಭಾರ ಬಿದ್ದಾಗ ಹೀಗೆ ಬಿರಿಯುತ್ತದೆ, ಕೆಲವೊಮ್ಮೆ ಹೆಚ್ಚು ಮುನ್ಸೂಚನೆ ಕೊಡದೆ ಮುರಿಯುತ್ತದೆ.

ಆ ಕೋಣೆಯಲ್ಲಿ ಇವತ್ತಿನಿಂದಲೇ ಮಲಗಬೇಡಿ. ಮೇಲಿನ ಮಹಡಿಯವರಿಗೂ ಇದೇ ಮಾತು ಹೇಳಿ. ತಾರಸಿಯ ಟ್ಯಾಂಕ್ ಖಾಲಿ ಮಾಡಿಸಿ. ಬಿರುಕಿನ ಕಡೆ ಬೀಮಿನ ಕೆಳಗೆ ಹಲಗೆ ಕೊಟ್ಟು ಕಬ್ಬಿಣದ ಜಾಕಿ ನಿಲ್ಲಿಸುವ ಕೆಲಸವನ್ನು ತಿಳಿದ ಇಂಜಿನಿಯರ್ ಎದುರಿಗೆ ನಿಂತು ಮಾಡಿಸಬೇಕು. ಮಾಲೀಕರು ಒಪ್ಪದಿದ್ದರೆ ನಗರಸಭೆಗೂ ತಹಶೀಲ್ದಾರರಿಗೂ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಪತ್ರ ತಲುಪಿದ ಸಂಜೆಯೇ ಸಂಪಾದಕರಿಂದ ನಿಮ್ಮ ಮೊಬೈಲಿಗೆ ಕರೆ ಮಾಡಿಸಿದೆ. ಮೂರು ಬಾರಿಯೂ ಯಾರೂ ಎತ್ತಲಿಲ್ಲ. ಇದನ್ನು ಓದಿದ ಕೂಡಲೇ ಕಚೇರಿಗೆ ಕರೆ ಮಾಡಿ. ಭಾನುವಾರ ನಾನೇ ಬಂದು ನೋಡುತ್ತೇನೆ. ಬರುವವರೆಗೆ ಮಕ್ಕಳ ಹಾಸಿಗೆ ಹಜಾರದಲ್ಲಿರಲಿ, ಬೀದಿ ಬಾಗಿಲಿನ ಹತ್ತಿರ.